ಮಾತೆಯ ಕಾಲಿಗೆ ಓಟದ ಬೂಟು: ಚಿಕಾನಾ ಕಲಾವಿದೆಯರು ಗುರುತು ಕಟ್ಟಿಕೊಂಡ ಬಗೆ

ಲಾಸ್ ಏಂಜಲೀಸ್ ನಗರಕ್ಕೆ 1981ರಲ್ಲಿ ಇನ್ನೂರು ವರ್ಷ ತುಂಬಿತು. ಆ ನೆಪದಲ್ಲಿ ನಗರದ ಪುನರಾಭಿವೃದ್ಧಿ ಸಂಸ್ಥೆ ಬಾರ್ಬರಾ ಕರಾಸ್ಕೊ ಎಂಬ ಯುವ ಕಲಾವಿದೆಗೆ ಒಂದು ಭಿತ್ತಿಚಿತ್ರದ ಕೆಲಸ ವಹಿಸಿತು. ಕರಾಸ್ಕೊ 43 ಬಿಡಿ ಹಲಗೆಗಳ ಮೇಲೆ, ಎಲ್ಲ ಜೋಡಿಸಿದರೆ 80 ಅಡಿ ಉದ್ದ 16 ಅಡಿ ಎತ್ತರ ಬರುವ ಚಿತ್ರ ಬರೆದರು. ಒಬ್ಬ ಹೆಣ್ಣಿನ ಮುಖ, ಅವಳ ಹರಡಿಕೊಂಡ ಕೂದಲಿನ ಎಳೆಗಳೊಳಗೆ ಊರಿನ ಚರಿತ್ರೆಯ 51 ದೃಶ್ಯಗಳು. ಸಂಸ್ಥೆಗೆ ಮುಖ ಹಿಡಿಸಿತು, ಕೂದಲು ಹಿಡಿಸಲಿಲ್ಲ. 14 ದೃಶ್ಯ ತೆಗೆಯಿರಿ ಎಂದಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿ ಮೂಲದ ಅಮೆರಿಕನ್ನರನ್ನು ಮನೆಯಿಂದ ಎಬ್ಬಿಸಿ ಶಿಬಿರಗಳಿಗೆ ತಳ್ಳಿದ್ದು ಆ ಪಟ್ಟಿಯಲ್ಲಿತ್ತು. ಮೆಕ್ಸಿಕೋದ ಭಿತ್ತಿಚಿತ್ರಕಾರ ಸಿಕೇರೋಸ್ 1932ರಲ್ಲಿ ಇದೇ ಊರಿನ ಗೋಡೆಯ ಮೇಲೆ ಬರೆದ ಚಿತ್ರಕ್ಕೆ ಬಿಳಿ ಬಣ್ಣ ಬಳಿದು ಮುಚ್ಚಿದ್ದೂ ಇತ್ತು. ಕರಾಸ್ಕೊ ಒಂದನ್ನೂ ತೆಗೆಯಲಿಲ್ಲ. ಹಲಗೆಗಳು ಉಗ್ರಾಣ ಸೇರಿದವು. ನಡುವೆ ಒಂದೆರಡು ಸಲ ಅಲ್ಪಕಾಲಕ್ಕೆ ಹೊರಬಂದದ್ದು ಬಿಟ್ಟರೆ, ಆ ಚಿತ್ರಕ್ಕೆ ಕಾಯಂ ಗೋಡೆ ಸಿಕ್ಕಿದ್ದು 2024ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದ ಹೊಸ ವಿಭಾಗದಲ್ಲಿ. ಹಲಗೆಯೂ 43, ಕಾದ ವರ್ಷವೂ 43.

ಇಂಥದ್ದನ್ನು ‘ತಡವಾಗಿಯಾದರೂ ಸಿಕ್ಕ ಮನ್ನಣೆ’ ಎಂದು ಬರೆದು ಮುಗಿಸುವುದು ವಾಡಿಕೆ. ಹಾಗೆ ಬರೆದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಚಿಕಾನಾ, ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದ, ಕಲಾವಿದೆಯರ ಗುರುತು ರೂಪುಗೊಂಡದ್ದೇ ಇಂಥ ತಕರಾರುಗಳೊಳಗೆ. ಎಲ್ಲರ ಕಣ್ಣಿಗೂ ಪರಿಚಿತವಾದ ಒಂದು ಚಿತ್ರವನ್ನು ಅವರು ಎತ್ತಿಕೊಂಡರು, ಅದರಲ್ಲಿ ಎರಡು ಮೂರು ಭಾಗ ಬದಲಾಯಿಸಿದರು. ಒಮ್ಮೆ ಚರ್ಚಿಗೆ ಸಿಟ್ಟು ಬಂತು, ಒಮ್ಮೆ ನಗರಾಡಳಿತಕ್ಕೆ, ಮತ್ತೊಮ್ಮೆ ಸ್ವಂತ ಚಳವಳಿಯ ಗಂಡಸರಿಗೆ. ಯಾವ ಭಾಗ ಬದಲಾದಾಗ ಯಾರು ಸಿಟ್ಟಾದರು ಎಂದು ಗಮನಿಸುತ್ತ ಹೋದರೆ ಈ ಗುರುತಿನ ನಕ್ಷೆ ತಾನಾಗಿ ಸಿಗುತ್ತದೆ.

ಹಿನ್ನೆಲೆ ಚುಟುಕಾಗಿ ಇಷ್ಟು. 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ನೆಲದ ಅರ್ಧದಷ್ಟನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಕೂತಲ್ಲೇ ಬೇರೆ ದೇಶದವರಾದರು, ಆಮೇಲೆ ದುಡಿಯಲು ಬಂದವರು ಅವರ ಜತೆ ಸೇರಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊದಲ್ಲಿ ದ್ರಾಕ್ಷಿ ತೋಟದ ಕೂಲಿಗಳ ಮುಷ್ಕರ, 1968ರಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಶಾಲಾ ಮಕ್ಕಳ ತರಗತಿ ಬಹಿಷ್ಕಾರ, 1970ರ ಆಗಸ್ಟ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಭಾರೀ ಮೆರವಣಿಗೆ. ಮೊದಲು ಬೈಗುಳದಂತಿದ್ದ ‘ಚಿಕಾನೊ’ ಎಂಬ ಹೆಸರನ್ನು ಮೆಕ್ಸಿಕನ್ ಮೂಲದ ಯುವಜನ ಈ ಹೋರಾಟಗಳಲ್ಲಿ ತಾವಾಗಿಯೇ ಇಟ್ಟುಕೊಂಡರು. ಹೆಂಗಸರು ಚಿಕಾನಾ ಆದರು.

ಚಳವಳಿಯೊಳಗೆ ಹೆಂಗಸರ ಸ್ಥಾನ ಎಲ್ಲಿತ್ತು ಎಂಬುದಕ್ಕೆ ಡೆನ್ವರ್‌ನ 1969ರ ಯುವ ಸಮ್ಮೇಳನದ ದಾಖಲೆ ಸಾಕು. ಅಲ್ಲಿ ಮಹಿಳೆಯರ ಗೋಷ್ಠಿಯ ಪರವಾಗಿ ಸಭೆಗೆ ಒಪ್ಪಿಸಿದ ವರದಿಯಲ್ಲಿ, ಚಿಕಾನಾ ಹೆಣ್ಣಿಗೆ ವಿಮೋಚನೆ ಬೇಕಿಲ್ಲ ಎಂಬರ್ಥದ ಮಾತಿತ್ತು. ಎರಡು ವರ್ಷ ಕಳೆದು ಹ್ಯೂಸ್ಟನ್‌ನಲ್ಲಿ ಸುಮಾರು 600 ಹೆಂಗಸರು ತಮ್ಮದೇ ಸಮ್ಮೇಳನ ನಡೆಸಿದರು. ಇನ್ನೊಂದು ಕಡೆ ಬಿಳಿಯ ಮಧ್ಯಮವರ್ಗದ ಸ್ತ್ರೀವಾದವಿತ್ತು. ಅದಕ್ಕೆ ಕೂಲಿ, ವಲಸೆ, ಜನಾಂಗದ ಪ್ರಶ್ನೆಗಳು ಪಕ್ಕದ ಪ್ರಶ್ನೆಗಳು. ಈ ಎರಡೂ ಮನೆಗಳ ಹೊಸ್ತಿಲಲ್ಲಿ ನಿಂತು ಕೆಲಸ ಮಾಡಬೇಕಾದ ಸ್ಥಿತಿ ಇವರದು.

ಮೊದಲು ಗ್ವಾದಲೂಪೆ ಮಾತೆಯ, ಅಂದರೆ ಮೆಕ್ಸಿಕೋದವರು ಪೂಜಿಸುವ ರೂಪದ ಯೇಸುವಿನ ತಾಯಿ ಮೇರಿಯ, ಚಿತ್ರವನ್ನೇ ನೋಡೋಣ. ಮೆಕ್ಸಿಕೋ ನಗರದ ಬಳಿಯ ತೆಪೆಯಾಕ್ ಗುಡ್ಡದಲ್ಲಿ 1531ರಲ್ಲಿ ಹುವಾನ್ ದಿಯೆಗೊ ಎಂಬ ಮೂಲನಿವಾಸಿಗೆ ಮಾತೆ ಕಾಣಿಸಿಕೊಂಡಳು ಎಂಬುದು ನಂಬಿಕೆ. ಅದೇ ಗುಡ್ಡ ಅದಕ್ಕೂ ಮೊದಲು ತೊನಾಂತ್ಸಿನ್ ಎಂಬ ತಾಯಿದೇವತೆಯ ಜಾಗವಾಗಿತ್ತೆಂದು ಹೇಳುವವರಿದ್ದಾರೆ. 1810ರಲ್ಲಿ ಸ್ಪೇನಿನ ವಿರುದ್ಧ ದಂಗೆಯೆದ್ದವರ ಬಾವುಟದ ಮೇಲೆ ಇವಳಿದ್ದಳು. 1966ರಲ್ಲಿ ದ್ರಾಕ್ಷಿ ತೋಟದ ಕೂಲಿಗಳು ಡೆಲಾನೊದಿಂದ ಸ್ಯಾಕ್ರಮೆಂಟೊವರೆಗೆ ನಡೆದಾಗ ಮುಂದೆ ಹಿಡಿದದ್ದೂ ಇವಳನ್ನೇ. ಚಿತ್ರದ ಭಾಗಗಳು ನಿಗದಿಯಾಗಿವೆ: ಮೈ ಸುತ್ತ ಚೂಪು ಕಿರಣಗಳ ಪ್ರಭಾವಳಿ, ನಕ್ಷತ್ರ ತುಂಬಿದ ನೀಲಿ-ಹಸಿರು ಮೇಲುಹೊದಿಕೆ, ಗುಲಾಬಿ ಬಣ್ಣದ ನಿಲುವಂಗಿ, ಬಾಗಿದ ತಲೆ, ಜೋಡಿಸಿದ ಕೈ, ಕಾಲಡಿ ಕಪ್ಪು ಅರ್ಧಚಂದ್ರ, ಅದರ ಕೆಳಗೆ ಹೊತ್ತು ನಿಂತ ಪುಟ್ಟ ದೇವದೂತ. ಪಾದ ಕಾಣುವುದೇ ಕಷ್ಟ. ಇವಳಿಗೆ ನಡಿಗೆಯಿಲ್ಲ.

ಎಸ್ತೆರ್ ಹೆರ್ನಾಂಡೆಜ್ 1975ರ ಒಂದು ಎಚಿಂಗ್‌ನಲ್ಲಿ, ಅಂದರೆ ಲೋಹದ ತಗಡಿನಿಂದ ತೆಗೆದ ಅಚ್ಚಿನಲ್ಲಿ, ಮೊದಲು ಆ ಕಾಲನ್ನೇ ಬಿಡಿಸಿದರು. ಮಾತೆ ಕರಾಟೆ ಉಡುಪಿನಲ್ಲಿ ಕಿರಣಗಳ ಚೌಕಟ್ಟಿನಾಚೆಗೆ ಕಾಲು ಬೀಸಿ ಒದೆಯುತ್ತಾಳೆ. ಮೂರು ವರ್ಷದ ನಂತರ ಯೊಲಾಂಡಾ ಲೋಪೆಜ್ ಮಾಡಿದ ಮೂರು ಚಿತ್ರಗಳ ಸರಣಿ ಇನ್ನೂ ಸೂಕ್ಷ್ಮವಾದದ್ದು. ಕಾಗದದ ಮೇಲೆ ಆಯಿಲ್ ಪ್ಯಾಸ್ಟೆಲ್, ಸುಮಾರು 32 ಇಂಚು ಎತ್ತರ, ಅಷ್ಟೇ. ಮೊದಲನೆಯದರಲ್ಲಿ ಕಲಾವಿದೆಯೇ ಮಾತೆ. ಓಟದ ಬೂಟು ತೊಟ್ಟು ಪ್ರಭಾವಳಿಯೊಳಗಿಂದ ನೋಡುವವರತ್ತ ಜಿಗಿದು ಓಡಿಬರುತ್ತಿದ್ದಾಳೆ. ತಲೆ ಮೇಲೆ ಇರಬೇಕಾದ ನಕ್ಷತ್ರದ ಹೊದಿಕೆ ಒಂದು ಕೈಯಲ್ಲಿ ಗಾಳಿಗೆ ಹಾರುತ್ತಿದೆ, ಇನ್ನೊಂದು ಕೈಯಲ್ಲಿ ಹಿಡಿದ ಹಾವು. ಕೆಳಗಿನ ದೇವದೂತನ ರೆಕ್ಕೆಗೆ ಕೆಂಪು, ಬಿಳಿ, ನೀಲಿ, ಅಂದರೆ ಅಮೆರಿಕದ ಬಾವುಟದ ಬಣ್ಣ. ಅವಳು ಅವನನ್ನು ತುಳಿದುಕೊಂಡೇ ಬರುತ್ತಾಳೆ.

ಎರಡನೆಯದು ತಾಯಿ ಮಾರ್ಗರೆಟ್ ಸ್ಟೀವರ್ಟ್ ಅವರದು. ಕನ್ನಡಕ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತು ತನ್ನ ನಕ್ಷತ್ರದ ಹೊದಿಕೆಯನ್ನು ತಾನೇ ಹೊಲಿಯುತ್ತಿದ್ದಾರೆ. ಮೂರನೆಯದರಲ್ಲಿ ಅಜ್ಜಿ ವಿಕ್ಟೋರಿಯಾ ಫ್ರಾಂಕೊ ಹೊದಿಕೆ ಹಾಸಿದ ಪೀಠದ ಮೇಲೆ ಕೂತಿದ್ದಾರೆ, ಕೈಯಲ್ಲಿ ಚಾಕು ಮತ್ತು ಸುಲಿದ ಹಾವಿನ ಚರ್ಮ.

ಮೂರನ್ನೂ ಪಕ್ಕಪಕ್ಕ ಇಟ್ಟು ಏನು ಉಳಿದಿದೆ, ಏನು ಬದಲಾಗಿದೆ ಎಂದು ನೋಡಿ. ಕಿರಣಗಳು, ನಕ್ಷತ್ರ, ದೇವದೂತ ಮೂರರಲ್ಲೂ ಇವೆ. ಬಾಗಿದ ತಲೆ, ಜೋಡಿಸಿದ ಕೈ ಒಂದರಲ್ಲೂ ಇಲ್ಲ. ದೈವತ್ವವನ್ನು ಕಳಚಿಹಾಕುವ ಗೋಜಿಗೆ ಲೋಪೆಜ್ ಹೋಗಲಿಲ್ಲ. ಅದನ್ನು ದುಡಿಯುವ, ಮುಪ್ಪಾಗುವ, ಬೆವರುವ ಮೈಗಳಿಗೆ ತೊಡಿಸಿದರು. ಓಡುವ ಯುವತಿಯ ಚಿತ್ರವೊಂದೇ ಪೋಸ್ಟರು, ಪುಸ್ತಕದ ಮುಖಪುಟ ಆಗಿ ಜಗತ್ತು ಸುತ್ತುವುದರಿಂದ ಈ ಸರಣಿಯನ್ನು ಬರೀ ‘ದಿಟ್ಟ ಹೆಣ್ಣು’ ಎಂದು ಓದುವವರೇ ಹೆಚ್ಚು. ನನ್ನ ಪ್ರಕಾರ ಸರಣಿಯ ಬೆನ್ನೆಲುಬು ಹೊಲಿಗೆ ಯಂತ್ರದ ಚಿತ್ರ. ದೇವಿಯ ವಸ್ತ್ರಕ್ಕೂ ಒಬ್ಬಳ ಕೂಲಿಯ ದುಡಿಮೆ ಸಂದಿದೆ ಎಂದು ತೋರಿಸುವುದು ಅದೊಂದೇ.

ಲೋಪೆಜ್ ಇದೇ ವರ್ಷ ಮಾಡಿದ ಇನ್ನೊಂದು ಗ್ವಾದಲೂಪೆಗೆ ಮೊಣಕಾಲ ಕೆಳಗಿನವರೆಗಷ್ಟೇ ಬರುವ ಲಂಗ, ಎತ್ತರ ಹಿಮ್ಮಡಿಯ ಚಪ್ಪಲಿ. 1984ರಲ್ಲಿ ಮೆಕ್ಸಿಕೋ ನಗರದ ಸ್ತ್ರೀವಾದಿ ಪತ್ರಿಕೆ ‘ಫೆಮ್’ ಅದನ್ನು ಮುಖಪುಟಕ್ಕೆ ಹಾಕಿದಾಗ ಪತ್ರಿಕೆಗೆ ಬೆದರಿಕೆಗಳು ಬಂದವು. 2001ರಲ್ಲಿ ಸಾಂತಾ ಫೆಯ ಅಂತಾರಾಷ್ಟ್ರೀಯ ಜನಪದ ಕಲಾ ಸಂಗ್ರಹಾಲಯದಲ್ಲಿ ಆಲ್ಮಾ ಲೋಪೆಜ್ ಅವರ ಡಿಜಿಟಲ್ ಮುದ್ರಣಕ್ಕೆ ಎದ್ದ ಗದ್ದಲ ಇನ್ನೂ ದೊಡ್ಡದು. ಅದರಲ್ಲಿ ಮಾತೆ ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ, ಗುಲಾಬಿ ಹೂಗಳನ್ನೇ ಉಟ್ಟು ನಿಂತಿದ್ದಾಳೆ. ಹೊದಿಕೆಯ ಮೇಲೆ ನಕ್ಷತ್ರದ ಬದಲು ಕೊಯೊಲ್ಶಾಉಕಿಯ ಕಲ್ಲಿನ ಕೆತ್ತನೆ. ತಮ್ಮನಿಂದ ಕೊಲೆಯಾಗಿ ತುಂಡುತುಂಡಾದ ಅಜ್ಟೆಕ್ ಚಂದ್ರದೇವತೆ ಅವಳು. ಕೆಳಗಿನ ದೇವದೂತ ಚಿಟ್ಟೆಯ ರೆಕ್ಕೆಯ ಹೆಣ್ಣು, ಎದೆ ತೆರೆದಿದೆ. ಸಾಂತಾ ಫೆಯ ಆರ್ಚ್‌ಬಿಷಪ್ ಖಂಡಿಸಿದರು, ಜನ ಪ್ರಾರ್ಥನೆ ಮಾಡುತ್ತ ಬೀದಿಗಿಳಿದರು, ಸರ್ಕಾರಿ ಸಂಗ್ರಹಾಲಯವಾದ್ದರಿಂದ ತೆರಿಗೆ ಹಣದ ಪ್ರಶ್ನೆಯೂ ಸೇರಿಕೊಂಡಿತು. ಸಂಗ್ರಹಾಲಯ ಚಿತ್ರವನ್ನು ಗೋಡೆಯಿಂದ ಇಳಿಸಲಿಲ್ಲ. ಪ್ರದರ್ಶನವನ್ನು ಮಾತ್ರ ಮೊದಲು ಹೇಳಿದ್ದಕ್ಕಿಂತ ಕೆಲವು ತಿಂಗಳು ಮುಂಚೆ ಮುಗಿಸಿತು. ಅಷ್ಟು ಜನರನ್ನು ಬೀದಿಗೆ ತಂದ ಚಿತ್ರದ ಅಳತೆ ಹದಿನಾಲ್ಕು ಇಂಚಿಗೆ ಹದಿನೇಳೂವರೆ ಇಂಚು.

ಇಲ್ಲಿ ಒಂದು ಮಾತು ಗಮನಿಸಬೇಕು. ಹಿಂದಿನ ಪುರುಷ ಕಲಾವಿದರೂ ಮಾತೆಯನ್ನು ಬಾವುಟ, ಕಾರು, ಮೈಮೇಲಿನ ಹಚ್ಚೆ ಎಂದು ಎಲ್ಲೆಂದರಲ್ಲಿ ಇಟ್ಟಿದ್ದರು. ಸೆರೆಮನೆಯ ಗಂಡಸರ ಬೆನ್ನ ಮೇಲೆ ಅವಳಿದ್ದಾಗ ಯಾರೂ ಮೆರವಣಿಗೆ ಹೊರಡಿಸಲಿಲ್ಲ. ಅವಳಿಗೆ ಕಾಲು, ಸೊಂಟ, ಕೂಲಿ ಬಂದಾಗ ಎದ್ದ ಗಲಾಟೆಯಿದು.

ಪೂಜೆಯ ಚಿತ್ರದಿಂದ ಅಂಗಡಿಯ ಚಿತ್ರಕ್ಕೆ ಬರೋಣ. ಎಸ್ತೆರ್ ಹೆರ್ನಾಂಡೆಜ್ ಹುಟ್ಟಿದ ಡಿನೂಬಾ, ಕ್ಯಾಲಿಫೋರ್ನಿಯಾದ ಸಾನ್ ವಾಕೀನ್ ಕಣಿವೆಯ ಊರು. ದ್ರಾಕ್ಷಿಯೇ ಅಲ್ಲಿನ ಬದುಕು. ತೋಟಕ್ಕೆ ಹೊಡೆದ ಔಷಧಿ ವರ್ಷಗಟ್ಟಲೆ ಇಳಿದು ಊರಿನ ಕುಡಿಯುವ ನೀರಿಗೆ ಸೇರಿದೆ ಎಂದು 1979ರ ಹೊತ್ತಿಗೆ ಗೊತ್ತಾಯಿತು. 1982ರ ಅವರ ಸ್ಕ್ರೀನ್ ಪ್ರಿಂಟ್‌ನಲ್ಲಿ ಸನ್-ಮೇಡ್ ಒಣದ್ರಾಕ್ಷಿ ಡಬ್ಬಿಯ ಕೆಂಪು ಟೋಪಿಯ ಹುಡುಗಿ ಹಾಗೇ ಇದ್ದಾಳೆ: ಅದೇ ದ್ರಾಕ್ಷಿ ಬುಟ್ಟಿ, ಹಿಂದೆ ಅದೇ ಹಳದಿ ಸೂರ್ಯ. ಮುಖ ಮಾತ್ರ ತಲೆಬುರುಡೆ. ಹೆಸರು ‘ಸನ್ ಮ್ಯಾಡ್’. ಕೆಳಗಿನ ಸಾಲುಗಳಲ್ಲಿ ಕೀಟನಾಶಕ, ನುಸಿನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳ ಪಟ್ಟಿ.

ಈ ಚಿತ್ರ ಸ್ಕ್ರೀನ್ ಪ್ರಿಂಟ್ ಆಗಿದ್ದಕ್ಕೆ ಕಾರಣವಿದೆ. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ವಿನ್ಯಾಸವಿರುವ ಜಾಗವನ್ನು ಮುಚ್ಚಿ ಬೆಳಕಿಗೆ ಒಡ್ಡಿದರೆ ಉಳಿದ ಭಾಗ ಬಿಗಿದುಕೊಳ್ಳುತ್ತದೆ. ತೊಳೆದಾಗ ವಿನ್ಯಾಸದ ಜಾಗ ಮಾತ್ರ ತೆರೆದುಕೊಳ್ಳುತ್ತದೆ. ಆ ತೆರಪಿನಿಂದ ರಬ್ಬರಿನ ಪಟ್ಟಿಯಲ್ಲಿ ಶಾಯಿ ಎಳೆಯಬೇಕು. ಒಂದು ಬಣ್ಣಕ್ಕೆ ಒಂದು ಜಾಲರಿ, ಒಂದು ಸುತ್ತು. ಐದು ಬಣ್ಣವೆಂದರೆ ಪ್ರತಿ ಹಾಳೆಯೂ ಐದು ಸಲ ಚೌಕಟ್ಟಿನಡಿ ಹೋಗಬೇಕು, ಪ್ರತಿ ಸಲವೂ ಮೂಲೆಯ ಗುರುತಿಗೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಬಣ್ಣದ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಶಾಯಿ ಜಾಲರಿಯಲ್ಲೇ ಒಣಗಿದರೆ ಅಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಇಷ್ಟು ಕಾಟವಿದ್ದರೂ ಒಂದು ಮೇಜು, ಒಂದು ದೀಪ, ನೀರಿನ ನಲ್ಲಿ ಇದ್ದರೆ ಕೆಲಸ ನಡೆಯುತ್ತದೆ. ಅಚ್ಚಾದದ್ದನ್ನು ಮೆರವಣಿಗೆಯಲ್ಲಿ ಹಂಚಬಹುದು, ಅಡುಗೆಮನೆ ಗೋಡೆಗೆ ಅಂಟಿಸಬಹುದು. ಇನ್ನೊಂದು ಸಂಗತಿ: ಅಂಗಡಿಯ ಡಬ್ಬಿಯೂ ಚಪ್ಪಟೆ ಬಣ್ಣದ ಅಚ್ಚು, ಇದೂ ಚಪ್ಪಟೆ ಬಣ್ಣದ ಅಚ್ಚು. ದೂರದಿಂದ ನೋಡಿದವರಿಗೆ ಡಬ್ಬಿಯೇ ಕಾಣಬೇಕು, ಹತ್ತಿರ ಬಂದಾಗ ಬುರುಡೆ. ಎಣ್ಣೆಬಣ್ಣದಲ್ಲಿ ಈ ಮೋಸ ಸಾಧ್ಯವಿರಲಿಲ್ಲ. ಪೂರ್ವ ಲಾಸ್ ಏಂಜಲೀಸ್‌ನ ‘ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್’ ಮುದ್ರಣಶಾಲೆ, ಸ್ಯಾನ್ ಫ್ರಾನ್ಸಿಸ್ಕೊದ ‘ಗಲೇರಿಯಾ ದೆ ಲಾ ರಾಜಾ’ದಂಥ ಜಾಗಗಳು 1970ರ ದಶಕದಿಂದ ಈ ಕಲೆಯ ಬೆನ್ನಿಗೆ ನಿಂತವು.

2008ರಲ್ಲಿ ಹೆರ್ನಾಂಡೆಜ್ ಅದೇ ಬುರುಡೆಗೆ ದಕ್ಷಿಣ ಮೆಕ್ಸಿಕೋದ ಹೆಂಗಸರ ಕಸೂತಿ ಅಂಗಿ ತೊಡಿಸಿ, ಮಣಿಕಟ್ಟಿಗೆ ವಲಸೆ ಪೊಲೀಸರ ನಿಗಾ ಪಟ್ಟಿ ಕಟ್ಟಿ ‘ಸನ್ ರೇಡ್’ ಮಾಡಿದರು. ಗಡೀಪಾರು ಖಾತ್ರಿ ಎಂಬ ಬರಹದ ಜತೆ ಮಿಶ್ತೆಕ್, ಸಾಪೊತೆಕ್ ಮುಂತಾದ ಸಮುದಾಯಗಳ ಹೆಸರುಗಳಿವೆ. ಲಾಸ್ ಏಂಜಲೀಸ್‌ನಲ್ಲಿ 2025ರ ಜೂನ್‌ನಲ್ಲಿ ನಡೆದ ವಲಸೆ ದಾಳಿಗಳ ನಂತರ ಈ ಚಿತ್ರವನ್ನು ಹಳೆಯದೆಂದು ಯಾರೂ ಹೇಳಲಾರರು.

ಗೋಡೆಯ ಲೆಕ್ಕವೇ ಬೇರೆ. ಕಾಗದ ಇದ್ದರೆ ಒಬ್ಬರೇ ಸಾಕು, ಗೋಡೆಗೆ ಪರವಾನಗಿ ಬೇಕು, ಸಾರವೆ ಬೇಕು, ಹತ್ತಾರು ಕೈ ಬೇಕು. ಸಾರವೆ ಹತ್ತುವುದು ಗಂಡಸರ ಕೆಲಸ ಎಂಬ ಮಾತು ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲೂ ಇತ್ತು. ಪತ್ರಿಸಿಯಾ ರೊಡ್ರಿಗೆಜ್, ಗ್ರಾಸಿಯೆಲಾ ಕಾರಿಯೊ, ಐರೀನ್ ಪೆರೆಜ್, ವೆನಿಜುವೆಲಾದಿಂದ ಬಂದಿದ್ದ ಕೊನ್ಸುಎಲೊ ಮೆಂಡೆಜ್ ಸೇರಿ ‘ಮುಹೇರೆಸ್ ಮುರಾಲಿಸ್ತಾಸ್’ (ಭಿತ್ತಿಚಿತ್ರ ಬರೆಯುವ ಹೆಂಗಸರು) ಎಂಬ ತಂಡ ಕಟ್ಟಿ 1974ರಲ್ಲಿ ಮಿಷನ್ ಬೀದಿಯಲ್ಲಿ ‘ಲತಿನೊಅಮೇರಿಕಾ’, ಅದೇ ವರ್ಷ ಒಂದು ಟಾಕೊ ಅಂಗಡಿಯ ಗೋಡೆಗೆ ‘ಪಾರಾ ಎಲ್ ಮೆರ್ಕಾದೊ’ ಬರೆದರು. ಸಂತೆ, ಫಸಲು, ಮಕ್ಕಳು, ಹಬ್ಬದ ಕುಣಿತ. ಮುಷ್ಟಿಯಿಲ್ಲ, ಬಂದೂಕಿಲ್ಲ, ಮೀಸೆಯ ವೀರರಿಲ್ಲ. ಇದರಲ್ಲಿ ರಾಜಕೀಯವೆಲ್ಲಿದೆ ಎಂದು ಚಳವಳಿಯ ಗಂಡಸರು ಕೇಳಿದರು. ಹೆಂಗಸರು ಸಾರ್ವಜನಿಕ ಗೋಡೆಯ ಮೇಲೆ, ಒಬ್ಬರ ಸಹಿಯಿಲ್ಲದೆ, ದಿನನಿತ್ಯದ ಬದುಕನ್ನೇ ದೊಡ್ಡದಾಗಿ ಬರೆದದ್ದು ರಾಜಕೀಯವಲ್ಲದೆ ಮತ್ತೇನು ಎಂದು ಇವತ್ತು ನಮಗೆ ಅನ್ನಿಸಬಹುದು. ಆಗ ಅದನ್ನು ಕೆಲಸ ಮಾಡಿಯೇ ಸಾಧಿಸಬೇಕಾಗಿತ್ತು.

ಅತಿ ದೊಡ್ಡ ಗೋಡೆ ಜೂಡಿತ್ ಬಾಕಾ ಅವರದು. ಸಾನ್ ಫೆರ್ನಾಂಡೊ ಕಣಿವೆಯಲ್ಲಿ ಪ್ರವಾಹದ ನೀರು ಹರಿಸಲು ಕಟ್ಟಿದ ತುಹುಂಗಾ ಕಾಲುವೆಯ ಕಾಂಕ್ರೀಟ್ ಬದಿ ಅದು. ಕಾಲುವೆ ಕಟ್ಟಿದ ಸೇನೆಯ ಎಂಜಿನಿಯರ್ ವಿಭಾಗವೇ ಅಂದಗೊಳಿಸುವ ಕೆಲಸಕ್ಕಾಗಿ 1974ರಲ್ಲಿ ಬಾಕಾರನ್ನು ಸಂಪರ್ಕಿಸಿತ್ತು. 1976ರಲ್ಲಿ ಬಾಕಾ ಇನ್ನಿಬ್ಬರ ಜತೆ ‘ಸ್ಪಾರ್ಕ್’ ಎಂಬ ಸಂಸ್ಥೆ ಕಟ್ಟಿ ಕೆಲಸ ಶುರುಮಾಡಿದರು. ಮಳೆಗಾಲದಲ್ಲಿ ಕಾಲುವೆಯಲ್ಲಿ ನೀರು ಬರುವುದರಿಂದ ಕೆಲಸವೆಲ್ಲ ಬೇಸಿಗೆಯಲ್ಲೇ ಆಗಬೇಕು. 1976ರಿಂದ 1983ರವರೆಗೆ ಐದು ಬೇಸಿಗೆ, 13 ಅಡಿ ಎತ್ತರ, 2,754 ಅಡಿ ಉದ್ದ, ಒಟ್ಟು 400ಕ್ಕೂ ಹೆಚ್ಚು ಹುಡುಗ ಹುಡುಗಿಯರು ಮತ್ತು ಕಲಾವಿದರು. ಹುಡುಗರಲ್ಲಿ ಹಲವರು ಬಾಲಾಪರಾಧ ಪ್ರಕರಣಗಳಿಂದ ಬಂದವರು. ಬೇರೆ ಬೇರೆ ಬಡಾವಣೆಯ, ಬೀದಿಯಲ್ಲಿ ಎದುರಾದರೆ ಹೊಡೆದಾಡುವ ಗುಂಪುಗಳವರನ್ನು ಒಂದೇ ಗೋಡೆಗೆ ಹಚ್ಚುವುದು ಬಣ್ಣ ಹಚ್ಚುವುದಕ್ಕಿಂತ ದೊಡ್ಡ ಕೆಲಸವಾಗಿತ್ತು.

ಮೊದಲ ಬೇಸಿಗೆಯ ಭಾಗಕ್ಕೂ ನಂತರದ್ದಕ್ಕೂ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ಮೊದಲಿನದು ಬಿಡಿ ಬಿಡಿ ಚಿತ್ರಗಳ ಸಾಲು, ಬೇರೆ ಬೇರೆ ಕಲಾವಿದರ ಕೈ. 1977ರಲ್ಲಿ ಬಾಕಾ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿದ್ದ ಸಿಕೇರೋಸ್ ಕಾರ್ಯಾಗಾರದಲ್ಲಿ ಕಲಿತು ಬಂದ ಮೇಲೆ ದೃಶ್ಯಗಳು ಒಂದರೊಳಗೊಂದು ಹರಿಯತೊಡಗುತ್ತವೆ, ನಡೆಯುತ್ತ ನೋಡುವವರ ವೇಗಕ್ಕೆ ಹೊಂದುತ್ತವೆ. 1983ರ ಭಾಗದಲ್ಲಿ ಎರಡು ದೃಶ್ಯಗಳ ಮುಂದೆ ನಿಂತು ನೋಡಬೇಕು. ಒಂದರಲ್ಲಿ ಹೆದ್ದಾರಿಗಳು ಹಾವಿನಂತೆ ಸುತ್ತಿ ಒಂದು ಕುಟುಂಬವನ್ನು ಬೇರ್ಪಡಿಸುತ್ತವೆ, ಮೇಲಿನಿಂದ ಬೇಸ್‌ಬಾಲ್ ಕ್ರೀಡಾಂಗಣ ಹಾರುವ ತಟ್ಟೆಯಂತೆ ಇಳಿಯುತ್ತದೆ. ಚಾವೆಜ್ ರವೀನ್ ಎಂಬ ಮೆಕ್ಸಿಕನ್ ಬಡಾವಣೆಯನ್ನು ಖಾಲಿ ಮಾಡಿಸಿದ ಜಾಗದಲ್ಲಿ ಕ್ರೀಡಾಂಗಣ ಬಂದದ್ದನ್ನು ಹೇಳುವ ರೀತಿ ಅದು. ಇನ್ನೊಂದರಲ್ಲಿ ಯುದ್ಧಕಾಲದ ಕಾರ್ಖಾನೆ ಕೆಲಸಗಾತಿ ರೋಸಿಯನ್ನು ಟೆಲಿವಿಷನ್ ಪೆಟ್ಟಿಗೆ ಒಳಕ್ಕೆಳೆದುಕೊಳ್ಳುತ್ತಿದೆ. ಪರದೆಯೊಳಗೆ ಉಪನಗರದ ಅಚ್ಚುಕಟ್ಟು ಮನೆ.

ಇಂಥ ಗೋಡೆ ಹಾಳಾಗುವುದು ಹೇಗೆ? ಮೊದಲ ಶತ್ರು ಗೋಡೆಯ ಹಿಂದಿನ ತೇವ. ನೀರು ಕಾಂಕ್ರೀಟಿನೊಳಗಿನ ಉಪ್ಪನ್ನು ಕರಗಿಸಿಕೊಂಡು ಮೇಲ್ಮೈಗೆ ತರುತ್ತದೆ, ಅದು ಹರಳುಗಟ್ಟಿ ಬಣ್ಣದ ಪದರವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಎರಡನೆಯದು ಬಿಸಿಲು. ಕೆಲವು ಕೆಂಪು, ಹಳದಿಗಳು ಬೇಗ ಮಾಸುತ್ತವೆ, ಮಣ್ಣಿನ ಬಣ್ಣಗಳು ತಡೆಯುತ್ತವೆ, ಆದ್ದರಿಂದ ಹತ್ತು ವರ್ಷ ಕಳೆದ ಚಿತ್ರದ ಬಣ್ಣದ ತೂಕವೇ ವಾಲಿಬಿಡುತ್ತದೆ. ಮೂರನೆಯದು ಕಾಪಾಡಲು ಹೋಗಿ ಬಳಿಯುವ ಲೇಪ. ಗಾಳಿಯಾಡದ ವಾರ್ನಿಷ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಮೊದಲ ಸಮಸ್ಯೆಯನ್ನು ದುಪ್ಪಟ್ಟು ಮಾಡುತ್ತದೆ. ಆದ್ದರಿಂದ ಗೋಡೆ ತೊಳೆದು, ಸಡಿಲ ಗಾರೆ ಕೆರೆದು, ಬಿರುಕು ತುಂಬಿ, ತಳಬಣ್ಣ ಬಳಿದು, ಅಳತೆಯ ಚೌಕ ಎಳೆಯುವ ಮುನ್ನ ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕುವವರು ಬುದ್ಧಿವಂತರು.

ಮಿಷನ್ ಬಡಾವಣೆಯ 24ನೇ ಬೀದಿ ಮತ್ತು ಯಾರ್ಕ್ ಬೀದಿ ಕೂಡುವಲ್ಲಿ ಹುವಾನಾ ಅಲಿಸಿಯಾ 1983ರಲ್ಲಿ ಬರೆದ ‘ಲಾಸ್ ಲೆಚುಗೇರಾಸ್’ಗೆ ಆದದ್ದೂ ಇದೇ. ಲೆಟಿಸ್ ಕೊಯ್ಯುವ ಹೆಂಗಸರು, ಅವರಲ್ಲೊಬ್ಬಳು ಬಸುರಿ, ಹೊಟ್ಟೆಯೊಳಗಿನ ಕೂಸೂ ಕಾಣುತ್ತದೆ, ತಲೆಯ ಮೇಲೆ ಔಷಧಿ ಸಿಂಪಡಿಸುವ ವಿಮಾನ. ಕಲಾವಿದೆ ತಾನೂ ಸಲೀನಾಸ್ ಕಣಿವೆಯಲ್ಲಿ ಆ ಕೂಲಿ ಮಾಡಿದ್ದವರು. ನೀರಿಳಿದು ಗೋಡೆ ಕೆಟ್ಟಿತು, ಚಿತ್ರ ಹೋಯಿತು. ಅದೇ ಗೋಡೆಗೆ 2004ರಲ್ಲಿ ಅವರು ಬರೆದದ್ದು ‘ಲಾ ಯೊರೊನಾ’, ಮಕ್ಕಳನ್ನು ಕಳಕೊಂಡು ನೀರಿನ ದಂಡೆಯಲ್ಲಿ ಅಳುವ ಮೆಕ್ಸಿಕನ್ ಕತೆಯ ಹೆಣ್ಣು. ಇಡೀ ಗೋಡೆ ನೀಲಿ. ಬೊಲಿವಿಯಾದ ಕೊಚಬಂಬಾದಲ್ಲಿ ನೀರಿನ ಖಾಸಗೀಕರಣದ ವಿರುದ್ಧ ಎದ್ದ ಹೆಂಗಸರು, ಗಡಿಯ ಹುವಾರೆಜ್‌ನಲ್ಲಿ ಕೊಲೆಯಾದವರಿಗಾಗಿ ಶೋಕಿಸುವವರು, ಅವರ ಜತೆಗೆ ನಮ್ಮ ನರ್ಮದಾ ಕಣಿವೆಯಲ್ಲಿ ಅಣೆಕಟ್ಟಿನ ನೀರಿನೊಳಗೆ ನಿಂತು ಪ್ರತಿಭಟಿಸಿದ ಹೆಂಗಸರೂ ಅಲ್ಲಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿರುವ ಕನ್ನಡಿಗರು ಗೋಲ್ಡನ್ ಗೇಟ್‌ಗೆ ನೆಂಟರನ್ನು ಕರೆದೊಯ್ಯುವ ದಿನ ಈ ಮೂಲೆಗೂ ಅರ್ಧ ಗಂಟೆ ಕೊಡಬಹುದು. ಸ್ವಲ್ಪ ದೂರದ 18ನೇ ಬೀದಿಯ ಮಹಿಳಾ ಭವನದ ಹೊರಗೋಡೆಗಳನ್ನು 1994ರಲ್ಲಿ ತುಂಬಿದ ಏಳು ಕಲಾವಿದೆಯರಲ್ಲಿ ಹುವಾನಾ ಅಲಿಸಿಯಾ, ಐರೀನ್ ಪೆರೆಜ್ ಜತೆ ಮೀರಾ ದೇಸಾಯಿಯವರ ಹೆಸರೂ ಇದೆ.

ಮನೆಯೊಳಗಿನ ದೇವರ ಗೂಡನ್ನು ಕಲೆಯ ಪ್ರಕಾರವಾಗಿ ಎತ್ತಿದವರು ಅಮಾಲಿಯಾ ಮೇಸಾ-ಬೇನ್ಸ್. ಹುಟ್ಟಿದ್ದು 1943ರಲ್ಲಿ, ಇಂದು ಕನ್ನಡ ಎಲ್ಲೆಲ್ಲೂ ಕೇಳುವ ಸಾಂತಾ ಕ್ಲಾರಾದಲ್ಲಿ. ಆಗ ಅದು ಹಣ್ಣಿನ ತೋಟಗಳ ಸೀಮೆ. ಸತ್ತವರ ದಿನಕ್ಕೆ ಮನೆಯಲ್ಲಿ ಕಟ್ಟುವ ಒಫ್ರೆಂಡಾದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಟ್ಟೆ ಹಾಸಿ ತೀರಿಕೊಂಡವರ ಫೋಟೊ, ಅವರಿಗೆ ಇಷ್ಟವಾದ ತಿಂಡಿ, ನೀರು, ಮೇಣದಬತ್ತಿ, ಚೆಂಡುಹೂ ಇಡುತ್ತಾರೆ. (ನಮ್ಮ ಆಯುಧಪೂಜೆಯ ಚೆಂಡುಹೂವಿನ ತವರು ಮೆಕ್ಸಿಕೋನೇ.) ಹಾಲಿವುಡ್‌ಗೆ ಹೋಗಿ ಮರಳಿ ಬಂದ ಮೆಕ್ಸಿಕನ್ ನಟಿ ಡೊಲೋರೆಸ್ ಡೆಲ್ ರಿಯೊಗೆ ಮೇಸಾ-ಬೇನ್ಸ್ 1984ರಲ್ಲಿ ಎಂಟು ಅಡಿ ಎತ್ತರದ ಒಫ್ರೆಂಡಾ ಕಟ್ಟಿದರು: ಪ್ಲೈವುಡ್, ಕನ್ನಡಿ, ಬಟ್ಟೆ, ಚೌಕಟ್ಟಿನ ಫೋಟೊಗಳು, ಒಣಹೂವು, ಮಿನುಗು ಪುಡಿ. ದೇವರ ಗೂಡಿಗೂ ನಟಿಯ ಸಿಂಗಾರದ ಮೇಜಿಗೂ ಮಧ್ಯದ ಒಂದು ರೂಪ. ಚಿಕಾನೊ ಕಲೆಯ ಬಗ್ಗೆ ಬರೆದ ಗಂಡಸರು ಬಡವರ ಜುಗಾಡು ಸೌಂದರ್ಯವನ್ನು ಬೀದಿ, ಕಾರು, ಪೋಸ್ಟರುಗಳಲ್ಲಿ ಕಂಡಿದ್ದರು. ಮನೆಯೊಳಗೆ ಹೆಂಗಸರು ಅದನ್ನೇ ಕಪಾಟು, ಕಿಟಕಿ, ದೇವರ ಮೂಲೆಯಲ್ಲಿ ಮಾಡುತ್ತ ಬಂದಿದ್ದಾರೆಂದು ತೋರಿಸಲು ಆಕೆ ‘ದೊಮೆಸ್ತಿಕಾನಾ’ ಎಂಬ ಹೆಸರು ಚಾಲ್ತಿಗೆ ತಂದರು. 1992ರಲ್ಲಿ ಮ್ಯಾಕ್ ಆರ್ಥರ್ ಫೆಲೋಶಿಪ್ ಬಂತು. ಹಬ್ಬ ಮುಗಿದ ಮೇಲೆ ಬಿಚ್ಚಿಡುವ ವಸ್ತು ಸಂಗ್ರಹಾಲಯದ ಕಾಯಂ ಸ್ವತ್ತಾದಾಗ ಬರುವ ಪೇಚು ಬೇರೆ. ಹೂವು ಪುಡಿಯಾಗುತ್ತದೆ, ಬಟ್ಟೆ ಬಣ್ಣಗೆಡುತ್ತದೆ. ಮತ್ತೆ ಜೋಡಿಸುವಾಗ ಏನನ್ನು ಬದಲಿಸಿದರೆ ಅದು ಅದೇ ಕೃತಿಯಾಗಿ ಉಳಿಯುತ್ತದೆ? ಕಲಾವಿದೆ 1991ರಲ್ಲಿ ತಾನೇ ಇದನ್ನು ಪರಿಷ್ಕರಿಸಿದರು, ಎರಡೂ ಇಸವಿ ಫಲಕದ ಮೇಲಿವೆ.

ಸ್ವಂತ ಮೈಯನ್ನೇ ಚಿತ್ರವಾಗಿಸಿದವರದು ಇನ್ನೊಂದು ಧಾರೆ. ಬಾಕಾ 1976ರಲ್ಲಿ ಮಾಡಿದ ‘ಲಾಸ್ ತ್ರೆಸ್ ಮರಿಯಾಸ್’ ಮೂರು ಫಲಕಗಳ ಕೃತಿ. ಒಂದು ಬದಿಗೆ ಎಪ್ಪತ್ತರ ದಶಕದ ಬೀದಿ ಹುಡುಗಿ, ಇನ್ನೊಂದು ಬದಿಗೆ ನಲವತ್ತರ ದಶಕದ ಪಚುಕಾ (ಆ ಕಾಲದ ಠಾಕುಠೀಕಿನ ಮೆಕ್ಸಿಕನ್ ಮೂಲದ ಹುಡುಗಿ), ನಡುವೆ ಬರೀ ಕನ್ನಡಿ. ನೋಡುವವರು ತಾವೇ ಮೂರನೆಯ ಮರಿಯಾ ಆಗಬೇಕು. ಲಾರಾ ಅಗಿಲಾರ್ 1990ರ ಛಾಯಾಚಿತ್ರದಲ್ಲಿ ಮೆಕ್ಸಿಕೋ ಬಾವುಟ ಮುಖಕ್ಕೆ, ಅಮೆರಿಕದ ಬಾವುಟ ಸೊಂಟಕ್ಕೆ ಸುತ್ತಿಕೊಂಡು ಹಗ್ಗದಲ್ಲಿ ಬಿಗಿದುಕೊಂಡು ನಿಂತರು. ಯಾವ ಬಾವುಟವೂ ಇಲ್ಲಿ ರಕ್ಷೆಯಲ್ಲ. ಪಟ್ಸಿ ವಾಲ್ಡೆಜ್ ಅವರದು ಇನ್ನೂ ವಿಚಿತ್ರ ಪಾಡು. ಚಿಕಾನೊಗಳ ಕಲೆಯನ್ನು ಯಾಕೆ ತೋರಿಸುವುದಿಲ್ಲ ಎಂದು ಕೇಳಿ ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದಲ್ಲಿ ಅವಮಾನದ ಉತ್ತರ ಪಡೆದ ಮೇಲೆ, 1972ರಲ್ಲಿ ‘ಆಸ್ಕೊ’ ತಂಡದ ಮೂವರು ಗಂಡಸರು ರಾತ್ರಿ ಹೋಗಿ ಅದರ ಪ್ರವೇಶದ ಸೇತುವೆಗೆ ತಮ್ಮ ಹೆಸರುಗಳನ್ನು ಸ್ಪ್ರೇ ಮಾಡಿ, ಇಡೀ ಸಂಗ್ರಹಾಲಯಕ್ಕೇ ಸಹಿ ಹಾಕಿದರು. ಮರುದಿನ ತೆಗೆದ ಪ್ರಸಿದ್ಧ ಫೋಟೊದಲ್ಲಿ ಸಹಿಗಳ ಮೇಲೆ ನಿಂತಿರುವವರು ತಂಡದ ನಾಲ್ಕನೆಯವರಾದ ವಾಲ್ಡೆಜ್. ಮೂವರ ಹೆಸರು ಗೋಡೆಯ ಮೇಲಿದೆ, ಅವರದಿಲ್ಲ. ಮುಖ ಅವರದು, ಸಹಿ ಗಂಡಸರದು. ಪ್ರತಿರೋಧದ ಚರಿತ್ರೆಯೂ ಹೆಂಗಸರನ್ನು ಎಲ್ಲಿ ನಿಲ್ಲಿಸುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಫೋಟೊ ನಾನು ಕಂಡಿಲ್ಲ.

ಈಗಿನ ಸ್ಥಿತಿಗೆ ಬಂದರೆ, ಬಾಗಿಲು ತೆರೆದಿರುವುದು ನಿಜ. ‘ಸನ್ ಮ್ಯಾಡ್’, ‘ಲಾಸ್ ತ್ರೆಸ್ ಮರಿಯಾಸ್’, ಡೆಲ್ ರಿಯೊ ಒಫ್ರೆಂಡಾ ಮೂರೂ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದಲ್ಲಿವೆ. 2022ರಲ್ಲಿ ರಿವರ್‌ಸೈಡ್‌ನಲ್ಲಿ ಚಿಕಾನೊ ಕಲೆಗೆಂದೇ ‘ಚೀಚ್’ ಕೇಂದ್ರ ತೆರೆಯಿತು. 2023ರಲ್ಲಿ ಬರ್ಕ್ಲಿಯಲ್ಲಿ ಮೇಸಾ-ಬೇನ್ಸ್ ಅವರ ಸಿಂಹಾವಲೋಕನ ಪ್ರದರ್ಶನ, ಅದೇ ವರ್ಷ ಬಾಕಾರಿಗೆ ರಾಷ್ಟ್ರೀಯ ಕಲಾ ಪದಕ. ಯೊಲಾಂಡಾ ಲೋಪೆಜ್ ಅವರ ಮೊದಲ ಏಕವ್ಯಕ್ತಿ ಸಂಗ್ರಹಾಲಯ ಪ್ರದರ್ಶನ ಸಾನ್ ಡಿಯಾಗೊದಲ್ಲಿ 2021ರ ಅಕ್ಟೋಬರ್‌ನಲ್ಲಿ ತೆರೆಯಿತು. ಅವರು ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು.

ಬಾಗಿಲು ತೆರೆದ ಮೇಲೂ ಫಲಕದ ಮೇಲೆ ಏನು ಬರೆಯಬೇಕೆಂದು ತೀರ್ಮಾನಿಸುವವರು ಬೇರೆಯೇ. ಸ್ಮಿತ್‌ಸೋನಿಯನ್ ಪ್ರದರ್ಶನಗಳ ಧಾಟಿಯನ್ನು ತಿದ್ದಬೇಕೆಂದು 2025ರ ಮಾರ್ಚ್‌ನಲ್ಲಿ ಶ್ವೇತಭವನ ಆದೇಶ ಹೊರಡಿಸಿತು. 2020ರ ಕೊನೆಗೆ ಕಾಂಗ್ರೆಸ್ ಒಪ್ಪಿಗೆ ಕೊಟ್ಟ ಅಮೆರಿಕನ್ ಲ್ಯಾಟಿನೊ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಸ್ವಂತ ಕಟ್ಟಡ ಇನ್ನೂ ಎದ್ದಿಲ್ಲ. ಒಳಗಿನ ಚರ್ಚೆಯೂ ಮುಗಿದಿಲ್ಲ. ಅಜ್ಟೆಕ್ ದೇವತೆಗಳನ್ನು ತಮ್ಮ ಪೂರ್ವಜರೆಂದು ಎತ್ತಿಕೊಳ್ಳುವಾಗ ಇದೇ ನೆಲದ ಇಂದಿನ ಮೂಲನಿವಾಸಿಗಳು ಹಿಂದೆ ಸರಿಯುತ್ತಾರೆ ಎಂಬ ಟೀಕೆ ನ್ಯಾಯವಾದದ್ದೇ. ‘ಸನ್ ರೇಡ್’ ಬದುಕಿರುವ ಸಮುದಾಯಗಳ ಹೆಸರು ಹಿಡಿದು ಹೇಳಿದ್ದು ಅದಕ್ಕೇ ನನಗೆ ಮುಖ್ಯವೆನಿಸುತ್ತದೆ. ಕಿರಿಯ ತಲೆಮಾರಿನಲ್ಲಿ ಗ್ವಾದಲೂಪೆ ರೊಸಾಲೆಸ್ 2015ರಿಂದ ಇನ್‌ಸ್ಟಾಗ್ರಾಮ್‌ನಲ್ಲಿ ತೊಂಬತ್ತರ ದಶಕದ ಲಾಸ್ ಏಂಜಲೀಸ್ ಹುಡುಗಿಯರ ಫೋಟೊಗಳನ್ನು ಜನರಿಂದಲೇ ಕಲೆಹಾಕುತ್ತಿದ್ದಾರೆ. ಯಾವುದೇ ದೇವತೆಯ ಆಸರೆಯಿಲ್ಲದ ಗುರುತು ಅದು.

ಗೋಡೆಗಳ ಪಾಡು ಮಾತ್ರ ಹಳೆಯದೇ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಂಗಸರ ಮ್ಯಾರಥಾನ್ ನಡೆದದ್ದಕ್ಕೆ ಬಾಕಾ ನಗರದ 110ನೇ ಹೆದ್ದಾರಿಯ ಬದಿಗೆ, ಓಟದ ಕೊನೆಯಲ್ಲಿ ಗೋಡೆಯನ್ನೇ ಒಡೆದು ನುಗ್ಗುವ ಓಟಗಾರ್ತಿಯನ್ನು ಬರೆದಿದ್ದರು. 2019ರಲ್ಲಿ ಅದರ ಮೇಲೆ ಬಣ್ಣ ಬಳಿದು ಮುಚ್ಚಲಾಯಿತು. ಕಲಾವಿದರ ಹಕ್ಕುಗಳ 1990ರ ಅಮೆರಿಕನ್ ಕಾನೂನಿನ ಪ್ರಕಾರ, ಕಟ್ಟಡದಿಂದ ಕೆಡದಂತೆ ಬಿಡಿಸಬಹುದಾದ ಭಿತ್ತಿಚಿತ್ರವನ್ನು ತೆಗೆಯುವ ಮುನ್ನ ಕಲಾವಿದರಿಗೆ ಲಿಖಿತ ನೋಟಿಸ್ ಕೊಟ್ಟು 90 ದಿನ ಕಾಯಬೇಕು. ಸಾರವೆ ಬಿಚ್ಚುವ ದಿನವೇ ಚಿತ್ರದ ಫೋಟೊ, ಬಳಸಿದ ಬಣ್ಣಗಳ ಪಟ್ಟಿ, ಗೋಡೆಯ ಮಾಲೀಕರ ಜತೆಗಿನ ಕರಾರು, ನೋಟಿಸ್ ಕಳಿಸಬೇಕಾದ ವಿಳಾಸ ಇಷ್ಟನ್ನೂ ಒಂದೆಡೆ ದಾಖಲಿಸಿಡದಿದ್ದರೆ ಆ 90 ದಿನ ಯಾವಾಗ ಶುರುವಾಯಿತೆಂದು ಸಾಬೀತು ಮಾಡುವುದು ಕಷ್ಟ. ತುಹುಂಗಾ ಕಾಲುವೆಯ ಗೋಡೆಯನ್ನು ಒಂದು ಮೈಲಿಯವರೆಗೆ ಬೆಳೆಸಲು 2021ರಲ್ಲಿ ಮೆಲನ್ ಪ್ರತಿಷ್ಠಾನ 50 ಲಕ್ಷ ಡಾಲರ್ ಕೊಟ್ಟಿದೆ. ಅರವತ್ತರ ದಶಕದ ಹೋರಾಟಗಳನ್ನು ಹೇಳುವ ಹೊಸ ಭಾಗಗಳಲ್ಲಿ ಕೆಲವನ್ನು, 1972ರಲ್ಲಿ ಮೂವರು ಸಹಿ ಹಾಕಿದ ಅದೇ ಸಂಗ್ರಹಾಲಯದ ಗ್ಯಾಲರಿಯೊಳಗೆ, ಬಂದವರ ಕಣ್ಣೆದುರೇ ಬಾಕಾ ಮತ್ತವರ ತಂಡ ಬರೆದಿದ್ದಾರೆ.